ಟೀಟಾ ಅವರ ಮನೆತನದ ಹೆಸರು

ಈ ಬರಹದಲ್ಲಿ ಅವರ ಹೆಸರು ಬರುವುದಿಲ್ಲ. ಬರೆಯಲು ನನಗೇನೂ ಅಡ್ಡಿಯಿಲ್ಲ, ಆದರೆ ಬರೆದರೆ ಮನೆಯ ವಿಳಾಸವನ್ನೇ ಕೊಟ್ಟಂತಾಗುತ್ತದೆ. ಅವರ ಮನೆತನದ ಹೆಸರು ಅಷ್ಟು ಅಪರೂಪದ್ದು. ಅದು ಸ್ಪ್ಯಾನಿಷ್ ಹೆಸರು, ಆದರೂ ಸ್ಪೇನಿನವರೇ ಅದನ್ನು ಕೇಳಿ ಹುಬ್ಬು ಗಂಟಿಕ್ಕುತ್ತಿದ್ದರು. ಅಮೆರಿಕದಲ್ಲಂತೂ ನನಗೆ ತಿಳಿದಂತೆ ಆ ಹೆಸರಿನವರು ಅವರೊಬ್ಬರೇ. ಆಫೀಸಿನಲ್ಲಿ ಎಲ್ಲರೂ ಅವರನ್ನು ಟೀಟಾ ಎನ್ನುತ್ತಿದ್ದರು. ಫಿಲಿಪೀನ್ಸಿನವರ ಮಾತಿನಲ್ಲಿ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಎಲ್ಲರೂ ಟೀಟಾಗಳೇ. ನಾನೂ ಹಾಗೆಯೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಈ ವರ್ಷ ಅವರು ತೀರಿಕೊಂಡರು. ತುಂಬಿದ ವಯಸ್ಸು, ನೋವಿಲ್ಲದ ಸಾವು. ಮಗಳು ಫೋನ್ ಮಾಡಿ, ಅಮ್ಮನ ಹಳೆಯ ಆಫೀಸಿನವರ ಪರವಾಗಿ ಚರ್ಚಿನಲ್ಲಿ ನಾಲ್ಕು ಮಾತಾಡಬೇಕು ಎಂದು ಕೇಳಿದಳು. ಆಡಿದೆ. ಇಂಗ್ಲಿಷಿನಲ್ಲಿ ಆಡಿದ್ದರಿಂದಲೋ ಏನೋ, ಹೇಳಬೇಕಾದ್ದು ಬಹಳ ಹೊಟ್ಟೆಯಲ್ಲೇ ಉಳಿಯಿತು.

ನಾನು ಅವರನ್ನು ಮೊದಲು ನೋಡಿದ್ದು ಇಂಟರ್ನೆಟ್ಟಿನ ಹುಚ್ಚು ಏರುತ್ತಿದ್ದ ಕಾಲದಲ್ಲಿ. ಫ್ರೀಮಾಂಟಿನ ಫ್ರೀವೇ ಪಕ್ಕದಲ್ಲಿ, ಹಿಂದೆ ಟೈಲ್ಸ್ ಗೋದಾಮಾಗಿದ್ದ ಒಂದು ಕಟ್ಟಡದಲ್ಲಿ ನಮ್ಮ ಕಂಪನಿ. ಕೆಲಸ ಮಾಡುತ್ತಿದ್ದವರು ಮೂವತ್ತು ನಲವತ್ತು ಜನ. ಬಹುತೇಕ ಎಲ್ಲರೂ ಇಪ್ಪತ್ತರ ಆಚೀಚೆಯವರು, ಒಳಗೇ ಸ್ಕೂಟರ್ ತಳ್ಳಿಕೊಂಡು ಓಡಾಡುವವರು. ಅವರ ನಡುವೆ ಐವತ್ತು ದಾಟಿದ ಟೀಟಾ. ಕುಳ್ಳಗೆ, ದುಂಡಗೆ, ಬೇಸಿಗೆಯಲ್ಲೂ ಸ್ವೆಟರು, ಸ್ವೆಟರಿನ ಜೇಬಿನಲ್ಲಿ ಒಣಗಿಸಿದ ಮಾವಿನ ಹೋಳು. ಸರದಲ್ಲಿ ಪೋಣಿಸಿದ ಕನ್ನಡಕ ಎದೆಯ ಮೇಲೆ ನೇತಾಡುತ್ತಿತ್ತು. ನಾವು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟಿಂಗ್ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಎದುರಿಗೆ ಸಿಕ್ಕವರನ್ನೆಲ್ಲ ಅವರು ಮೊದಲು ಕೇಳುತ್ತಿದ್ದದ್ದು "ಊಟ ಆಯ್ತಾ?" ಎಂದು. ಅವರ ದೇಶದಲ್ಲೂ ಕ್ಷೇಮ ವಿಚಾರಿಸುವುದು ಹಾಗೆಯೇ ಎಂದು ತಿಳಿದಾಗ ನನಗೆ ನಮ್ಮ ಮಂಡ್ಯ ಅರ್ಧ ದೂರ ಹತ್ತಿರ ಬಂದಂತಾಯಿತು.

ಮೊದಲ ದಿನ ಬ್ಯಾಡ್ಜಿನಲ್ಲಿದ್ದ ನನ್ನ ಹೆಸರನ್ನು ಅವರು ಕನ್ನಡಕ ಏರಿಸಿ ಓದಿದರು. ನಮ್ಮ ಮನೆಯಲ್ಲಿ ಯಾರಿಗೂ ಸರ್‌ನೇಮು ಎಂಬುದು ಇರಲಿಲ್ಲ. ಊರು, ಅಪ್ಪನ ಹೆಸರು, ನಮ್ಮ ಹೆಸರು, ಇಷ್ಟೇ. ಪಾಸ್‌ಪೋರ್ಟು ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದರೆಂದು ಬರೆದೆ. ಹಾಗಾಗಿ ಅಮೆರಿಕದಲ್ಲಿ ನಾನು ಮಿಸ್ಟರ್ ಗುಮ್ಮನಹಳ್ಳಿ. ನನ್ನ ಹೆಂಡತಿ ಬೆಂಗಳೂರಿನ ವಿಜಯನಗರದಲ್ಲಿ ಬೆಳೆದವಳು, ಗುಮ್ಮನಹಳ್ಳಿಯಲ್ಲಿ ಒಂದು ರಾತ್ರಿ ತಂಗಿದವಳಲ್ಲ. ಅವಳೂ ಮಿಸೆಸ್ ಗುಮ್ಮನಹಳ್ಳಿ. ಈ ಕಥೆಯನ್ನು ಟೀಟಾ ನಗುತ್ತಾ ಕೇಳಿ, "ಜಿ ಅಕ್ಷರನಾ? ಹಾಗಾದ್ರೆ ನೀನು ನಮ್ಮೂರಿನವನೇ" ಎಂದರು. ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಸ್ಪೇನಿನವರು ಫಿಲಿಪೀನ್ಸನ್ನು ಆಳುತ್ತಿದ್ದಾಗ, ಅಲ್ಲಿನ ಜನರಿಗೆ ಮನೆತನದ ಹೆಸರುಗಳಿಲ್ಲದೆ ತೆರಿಗೆ ಎತ್ತುವುದು ಕಷ್ಟವೆಂದು, ಗವರ್ನರೊಬ್ಬ ಹೆಸರುಗಳ ದೊಡ್ಡ ಪಟ್ಟಿ ಮಾಡಿಸಿ ಊರೂರಿಗೆ ಹಂಚಿದನಂತೆ. ಸ್ಪೇನಿನ ಮನೆತನ, ಊರು, ಗಿಡ, ಪ್ರಾಣಿ ಸಿಕ್ಕಿದ್ದೆಲ್ಲ ಅದರಲ್ಲಿತ್ತಂತೆ. ಟೀಟಾ ಅವರ ಊರಿಗೆ ಬಂದದ್ದು ಜಿ ಅಕ್ಷರದ ಹಾಳೆಗಳು. ಇವತ್ತಿಗೂ ಆ ಊರಿನ ಹಳೆಯ ಮನೆಗಳೆಲ್ಲ ಜಿ. "ಸ್ಕೂಲಲ್ಲಿ ಹಾಜರಿ ಕೂಗೋಕೆ ಶುರು ಮಾಡಿದ್ರೆ ಟೀಚರಿಗೆ ನಿದ್ದೆ ಬರ್ತಿತ್ತು" ಎನ್ನುತ್ತಿದ್ದರು.

ಅವರ ಅಪ್ಪ ಆ ಊರಿನ ಮೇಷ್ಟ್ರು. ಪಟ್ಟಿಯ ಕಥೆಯನ್ನು ಅವರು ಒಪ್ಪುತ್ತಿರಲಿಲ್ಲ. ಉಳಿದವರದೆಲ್ಲ ಪಟ್ಟಿಯಿಂದ ಬಂದದ್ದಿರಬಹುದು, ನಮ್ಮದು ಮಾತ್ರ ಒಬ್ಬ ಸ್ಪ್ಯಾನಿಷ್ ಕ್ಯಾಪ್ಟನ್ನನಿಂದ ಬಂದದ್ದು, ಸ್ಪೇನಿನಲ್ಲಿ ನಮ್ಮ ಹೆಸರಿನ ಒಂದು ಕೋಟೆಯಿದೆ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಕೋಟೆಗೆ ಎಷ್ಟು ಬುರುಜು, ಯಾವ ದಿಕ್ಕಿಗೆ ಬಾಗಿಲು ಎಂಬುದೂ ಅವರಿಗೆ ಗೊತ್ತಿತ್ತು. ಆ ಮನೆಯಲ್ಲಿ ಇದ್ದದ್ದು ಟೀಟಾ, ಅವರ ಅಕ್ಕಂದಿರು ಮತ್ತು ಒಬ್ಬನೇ ಅಣ್ಣ. ಆ ಅಣ್ಣ ಪಾದ್ರಿಯಾದರು. ಪಾದ್ರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಅಕ್ಕಂದಿರು ಗಂಡಂದಿರ ಹೆಸರು ಇಟ್ಟುಕೊಂಡರು. ಟೀಟಾ ಮಾತ್ರ ಮದುವೆಯಾದರೂ ಹೆಸರು ಬದಲಾಯಿಸಲಿಲ್ಲ. ಗಂಡನಿಗೆ ಬೇಸರವಾಗಲಿಲ್ಲವೇ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಅವರ ಗಂಡ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುವವರು, ಬಹಳ ಸಮಾಧಾನದ ಮನುಷ್ಯ. "ಅವನ ಹೆಸರಿನವರ ಕಾಗದಗಳು ದಿನಾ ಚೀಲಗಟ್ಟಲೆ ಬರ್ತವೆ. ನಾನೊಬ್ಬಳು ಕಡಿಮೆಯಾದ್ರೆ ಅವನಿಗೇನು?" ಎಂದರಂತೆ ಟೀಟಾ.

ಹೋದ ಊರಿನಲ್ಲೆಲ್ಲ ಅವರು ತಮ್ಮ ಹೆಸರಿನವರನ್ನು ಹುಡುಕುತ್ತಿದ್ದರು. ಒಮ್ಮೆ ಕಂಪನಿಯ ಕೆಲಸಕ್ಕೆಂದು ನಾವೆಲ್ಲ ಷಿಕಾಗೋಗೆ ಹೋದಾಗ ಕಣ್ಣಾರೆ ನೋಡಿದೆ. ಹೋಟೆಲಿನ ರೂಮಿಗೆ ಹೋದವರು ಸೂಟ್‌ಕೇಸು ಕೆಳಗಿಡುವ ಮೊದಲೇ ಮಂಚದ ಪಕ್ಕದ ಡ್ರಾಯರ್ ಎಳೆದು ಟೆಲಿಫೋನ್ ಡೈರೆಕ್ಟರಿ ತೆಗೆದರು. ಜಿ ಪುಟಗಳ ಮೇಲೆ ಬೆರಳು ಇಳಿಸುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿ, ಮುಚ್ಚಿಟ್ಟರು. "ಇಲ್ಲೂ ಇಲ್ಲ. ಬಾ, ಊಟಕ್ಕೆ ಹೋಗೋಣ." ಮುಖದಲ್ಲಿ ಬೇಸರವೇನೂ ಇರಲಿಲ್ಲ. ಸಿಕ್ಕಿದ್ದರೆ ಮಾತ್ರ ಆಶ್ಚರ್ಯಪಡುತ್ತಿದ್ದರೋ ಏನೋ.

ಇಂಥವರಿಗೆ ಸಿಕ್ಕಿದ್ದು ಎಂಥ ಕಂಪನಿ ಎಂದರೆ, ನಮ್ಮ ಕಂಪನಿಯ ಸಾಫ್ಟ್‌ವೇರು ಮಾಡುತ್ತಿದ್ದದ್ದೇ ಹೆಸರು ವಿಳಾಸಗಳನ್ನು ತಿದ್ದುವ ಕೆಲಸ. ಇಂಟರ್ನೆಟ್ಟಿನಲ್ಲಿ ಸಾಮಾನು ಮಾರುವ ಅಂಗಡಿಗಳಿಗೆ ಗಿರಾಕಿಗಳು ಅವಸರದಲ್ಲಿ ಹೆಸರು ತಪ್ಪು ಟೈಪು ಮಾಡುತ್ತಾರೆ, ಅದನ್ನು ನಮ್ಮ ಪ್ರೋಗ್ರಾಮು ತಾನೇ ಸರಿಮಾಡಬೇಕು. ಹೆಸರು ಎಷ್ಟು ಜನರಿಗಿದೆ ಎಂದು ನೋಡಿ, ತೀರಾ ಅಪರೂಪದ್ದಾದರೆ ಅದು ತಪ್ಪೆಂದು ತೀರ್ಮಾನಿಸಿ, ಹತ್ತಿರದ ಮಾಮೂಲಿ ಹೆಸರಿಗೆ ಬದಲಾಯಿಸುತ್ತಿತ್ತು. ಬರೆದವನು ನಮ್ಮ ಬಾಸೇ. ಇನ್ನೂ ಮೂವತ್ತಾಗದ, ಜಾಣನಾದ, ಒಳ್ಳೆಯವನೇ ಆದ ಹುಡುಗ. ಅದು ಟೆಸ್ಟಿಂಗಿಗೆ ಬಂದ ಮೊದಲ ದಿನವೇ ಟೀಟಾ ತಮ್ಮ ಹೆಸರು ಹಾಕಿ ನೋಡಿದರು. ಗಾರ್ಸಿಯಾ ಎಂದು ಬಂತು. ನನ್ನನ್ನು ಕರೆದು ನನ್ನದನ್ನು ಹಾಕಿಸಿದರು. ಗುಡ್‌ಮನ್ ಎಂದು ಬಂತು. ಅಂದಿನಿಂದ ಕೆಲವು ದಿನ ನಾನು ಆಫೀಸಿನಲ್ಲಿ ಮಿಸ್ಟರ್ ಗುಡ್‌ಮನ್. ಮನೆಯಲ್ಲಿ ಹೇಳಿದರೆ ಹೆಂಡತಿ, "ಒಳ್ಳೇದೇ ಆಯ್ತು ಬಿಡಿ, ಪಿಜ್ಜಾ ಆರ್ಡರ್ ಮಾಡೋಕಾದ್ರೂ ಸುಲಭ" ಎಂದಳು.

ಟೀಟಾ ಮಾತ್ರ ನಗಲಿಲ್ಲ. ಇದು ದೋಷ, ಸರಿಯಾಗುವ ತನಕ ಸಾಫ್ಟ್‌ವೇರು ಹೊರಗೆ ಹೋಗಬಾರದು ಎಂದು ಬರೆದರು. ಬಾಸು ಅದನ್ನು ಆಮೇಲೆ ನೋಡೋಣ ಎಂದು ಪಕ್ಕಕ್ಕಿಟ್ಟ. ಇವರು ಮತ್ತೆ ಮುಂದಕ್ಕೆ ತಂದರು. ಇದು ಹಲವು ಸಲ ನಡೆಯಿತು. ಕೊನೆಗೆ ಮೀಟಿಂಗು. ಎಲ್ಲರ ಎದುರಿಗೆ ಅವನು, ಸ್ವಲ್ಪ ಅಸಹನೆಯಿಂದಲೇ, ಅಪರೂಪದ ಹೆಸರುಗಳಲ್ಲಿ ಮುಕ್ಕಾಲು ಪಾಲು ಟೈಪಿಂಗ್ ತಪ್ಪುಗಳೇ, ಅವುಗಳಿಗಾಗಿ ಇಡೀ ಕೆಲಸ ನಿಲ್ಲಿಸಲಾಗುವುದಿಲ್ಲ ಎಂದ.

"ಮುಕ್ಕಾಲು ಪಾಲು ತಪ್ಪು, ಒಪ್ಪಿದೆ" ಎಂದರು ಟೀಟಾ. "ಉಳಿದ ಕಾಲು ಪಾಲು ಮನುಷ್ಯರು."

ಬಾಸು ಕೆಂಪಾದ. ಮುಂದಿನ ವಾರವೇ ದೊಡ್ಡ ಗಿರಾಕಿಗಳು ಬರುವವರಿದ್ದರು. ಬಟ್ಟೆ ಮಾರುವ ಒಂದು ಕಂಪನಿ. ಅವರು ಒಪ್ಪಿದರೆ ನಮಗೆಲ್ಲ ಇನ್ನೊಂದು ವರ್ಷದ ಅನ್ನ, ಒಪ್ಪದಿದ್ದರೆ ಗೋದಾಮಿಗೆ ಬೀಗ. ವೀಸಾದ ಮೇಲೆ ಬಂದಿದ್ದ ನನ್ನಂಥವರಿಗೆ ಕೆಲಸ ಹೋದರೆ ದೇಶವನ್ನೇ ಬಿಡಬೇಕಾದೀತೆಂಬ ಭಯ. ಅದಕ್ಕೇ ನಾನು ಕ್ಯಾಂಟೀನಿನಲ್ಲಿ ಅವರ ಪಕ್ಕ ಕೂತು, ಈ ಒಂದು ಸಲ ಬಿಟ್ಟುಬಿಡಿ ಟೀಟಾ ಎಂದು ಕೇಳಿಕೊಂಡೆ. ಅವರು ನನ್ನ ತಟ್ಟೆಗೆ ಅನ್ನ ಬಡಿಸುತ್ತಾ, "ಯೋಚನೆ ಮಾಡ್ತೀನಿ, ಅನಕ್" ಎಂದರು. ಅನಕ್ ಎಂದರೆ ಮಗು. ಮಾಡುತ್ತೇನೆ ಎಂದದ್ದನ್ನು ಅವರು ಮಾಡುವವರೇ. ಮಾಡಿದರು, ಆದರೆ ಮನಸ್ಸು ಬದಲಾಗಲಿಲ್ಲ.

ಗಿರಾಕಿಗಳು ಬಂದ ದಿನ ಬಾಸು ಟೀಟಾ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ. ಅವನ ಮಾತು ಚೆನ್ನಾಗಿಯೇ ನಡೆಯಿತು. ಪರದೆಯ ಮೇಲೆ ತಪ್ಪು ಹೆಸರುಗಳು ಒಂದಾದ ಮೇಲೊಂದು ಸರಿಯಾಗುತ್ತಾ ಹೋದವು. ಬಟ್ಟೆ ಕಂಪನಿಯಿಂದ ಬಂದವರಲ್ಲಿ ಹಿರಿಯರಾದ ಒಬ್ಬ ಹೆಂಗಸು ಕೊನೆಗೆ, ಇದಕ್ಕೆ ನನ್ನ ಹೆಸರು ಗೊತ್ತಿದೆಯೇ ನೋಡೋಣ ಎಂದರು. ಅವರದು ಪೋಲೆಂಡಿನ ಕಡೆಯ ಹೆಸರು. ಉದ್ದನೆಯದು, ಸ್ವರಗಳನ್ನು ಹುಡುಕಬೇಕು. ಬಾಸು ಅದನ್ನು ನೋಡಿದವನೇ, ಸಮಯವಾಯಿತು, ಊಟ ತಣ್ಣಗಾಗುತ್ತದೆ ಎಂದೇನೋ ಹೇಳತೊಡಗಿದ. ಹಿಂದಿನಿಂದ ಟೀಟಾ ಮೆಲ್ಲಗೆ, "ದಯವಿಟ್ಟು ಟೈಪ್ ಮಾಡಿ" ಎಂದರು. ಆ ಹೆಂಗಸು ಮಾಡಿದರು. ಪರದೆ ಅವರನ್ನು ಮಿಸೆಸ್ ವಿಲ್ಸನ್ ಮಾಡಿತು.

ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದೆ. ಆಕೆ ಪರದೆ ನೋಡಿ, ನನ್ನ ಮಗನ ಸ್ಕೂಲಿನಲ್ಲಿ ಒಬ್ಬ ಟೀಚರು ಹೀಗೇ ಹೆಸರು ಮೊಟಕು ಮಾಡಲು ನೋಡಿದ್ದರು, ನಾನು ಸ್ಕೂಲಿಗೆ ಹೋಗಿ ಮಾತಾಡಿ ಬರಬೇಕಾಯಿತು ಎಂದರು. ಆಮೇಲೆ ಹಿಂದೆ ತಿರುಗಿ ಟೀಟಾ ಅವರನ್ನು ಕೇಳಿದರು: "ನಿಮಗೆ ಇದು ಮೊದಲೇ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು. ಸರಿಮಾಡೋದು ಹೇಗೆ ಅನ್ನೋದೂ ಗೊತ್ತು. ಬದಲಾಯಿಸೋ ಬದಲು ಕೇಳಬೇಕು, ಅಷ್ಟೇ."

ಆ ಕೆಲಸ ನನಗೆ ಬಿತ್ತು. ಅಪರೂಪದ ಹೆಸರು ಬಂದರೆ ಪ್ರೋಗ್ರಾಮು ತಾನಾಗಿ ತಿದ್ದದೆ, ಹೆಸರು ಬರೆದವರನ್ನೇ ಕೇಳುವಂತೆ ಮಾಡಿದೆವು. ಕೇಳುವ ವಾಕ್ಯದ ಬಗ್ಗೆ ಟೀಟಾ ನನ್ನನ್ನು ಗೋಳು ಹೊಯ್ದುಕೊಂಡರು. ತಪ್ಪು ಎಂಬ ಮಾತು ಇರಕೂಡದು, ಕೆಂಪು ಬಣ್ಣ ಕೂಡದು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ ಕೇಳಬೇಕು. ಬಟ್ಟೆಯವರು ಕೊಂಡರು. ಬಾಸು ಒಂದು ದಿನ ತಾನೇ ಟೀಟಾ ಅವರ ಟೇಬಲ್ಲಿಗೆ ಬಂದು, ನೀವು ಹೇಳಿದ್ದೇ ಸರಿ ಎಂದ. ಅವರು ಅವನ ಕೈಗೊಂದು ಮಾವಿನ ಹೋಳು ಕೊಟ್ಟು, ಊಟ ಆಯ್ತಾ ಎಂದು ಕೇಳಿದರು.

ಅದೇ ಕಾಲದಲ್ಲಿ ಇಂಟರ್ನೆಟ್ಟಿನಲ್ಲಿ ಮನೆತನಗಳ ಮೂಲ ಹುಡುಕುವವರ ಒಂದು ಮೆಸೇಜ್ ಬೋರ್ಡಿನಲ್ಲಿ ಟೀಟಾ ತಮ್ಮ ಹೆಸರು ಹಾಕಿ, ಈ ಹೆಸರಿನವರು ಯಾರಾದರೂ ಇದ್ದೀರಾ ಎಂದು ಕೇಳಿದ್ದರು. ಬಹಳ ಕಾಲ ಉತ್ತರವೇ ಇಲ್ಲ. ಒಂದು ದಿನ ನನ್ನನ್ನು ತಮ್ಮ ಕಂಪ್ಯೂಟರಿನ ಹತ್ತಿರ ಕರೆದು, ಪರದೆಯ ಕಡೆ ಬೆರಳು ತೋರಿಸಿದರು. ಸ್ಪೇನಿನ ಒಬ್ಬ ಹಡಗಿನ ಎಂಜಿನಿಯರ್ ಉತ್ತರಿಸಿದ್ದ. ನನ್ನ ಹೆಸರೂ ಅದೇ. ಈ ಹೆಸರು ನನ್ನೊಂದಿಗೆ ಮುಗಿಯಿತೆಂದುಕೊಂಡಿದ್ದೆ. ಹಡಗು ಮುಂದಿನ ತಿಂಗಳು ಓಕ್ಲ್ಯಾಂಡಿಗೆ ಬರುತ್ತದೆ, ಒಂದು ಮಧ್ಯಾಹ್ನ ರಜೆ ಸಿಗುತ್ತದೆ, ಭೇಟಿಯಾಗಬಹುದೇ?

ಅವರ ಗಂಡ ಫ್ರೀವೇ ಮೇಲೆ ಕಾರು ಓಡಿಸುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಒಳರಸ್ತೆಗಳಲ್ಲೇ, ಪ್ರತಿ ಸಿಗ್ನಲ್ಲಿನಲ್ಲೂ ನಿಂತು ಹೋಗುವವರು. ಹಾಗಾಗಿ ಬಂದರಿಗೆ ಟೀಟಾ ಅವರನ್ನು ಕರೆದೊಯ್ದವನು ನಾನು. ಎಂದೂ ಸ್ವೆಟರು ಬಿಡದವರು ಅಂದು ರೇಷ್ಮೆಯ ಬ್ಲೌಸು ಹಾಕಿದ್ದರು, ತುಟಿಗೆ ಬಣ್ಣ ಹಚ್ಚಿದ್ದರು. ಹೇವರ್ಡ್ ದಾಟಿದ ಮೇಲೆ ತಾವಾಗಿಯೇ ಮಾತು ಶುರುಮಾಡಿದರು.

"ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರ ಹೆಸರಿನ ಅರ್ಥ ಬೆಕ್ಕು. ಎದುರು ಮನೆಯವರದು ಹುಂಜ. ನಮ್ಮದಕ್ಕೆ ಏನರ್ಥ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಅಪ್ಪ ಅದರ ಮೇಲೆ ಕೋಟೆ ಕಟ್ಟಿದ್ರು. ಕೋಟೆ ಇಲ್ಲ ಅಂತ ನನಗೆ ಗೊತ್ತು ಅನಕ್. ಆದ್ರೂ ಇನ್ನೊಬ್ಬರ ಬಾಯಿಂದ ಅದನ್ನ ಕೇಳೋಕೆ ಭಯ ಆಗ್ತಾ ಇದೆ."

ಅಣ್ಣ ಇವತ್ತಿಗೂ ಆ ಕೋಟೆಯನ್ನು ಚರ್ಚಿನ ಉಪದೇಶದಲ್ಲಿ ತರುತ್ತಾನೆ ಎಂದೂ ಹೇಳಿದರು. ಅಪ್ಪ ಸಾಯುವಾಗ ಅಣ್ಣನ ಕೈ ಹಿಡಿದುಕೊಂಡು, ಒಂದಲ್ಲ ಒಂದು ದಿನ ಹೋಗಿ ನೋಡಿ ಬಾ ಎಂದಿದ್ದರಂತೆ. ಅಣ್ಣ ಊರು ಬಿಟ್ಟು ಹೋದವರಲ್ಲ.

ಬಂದರಿನ ಗೇಟಿನ ಹೊರಗೆ, ಸಾಲುಗಟ್ಟಿದ ಕಂಟೇನರ್ ಲಾರಿಗಳ ಪಕ್ಕದಲ್ಲಿ ಒಬ್ಬ ಬೋಳುತಲೆಯ ಭಾರೀ ಆಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಆಲಿವ್ ಕಾಯಿಯ ದೊಡ್ಡ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದ. ಟೀಟಾ ಕಾರಿನಿಂದ ಇಳಿದು ತಮ್ಮ ಮನೆತನದ ಹೆಸರು ಹೇಳಿದರು. ಅವನೂ ಅದನ್ನೇ ಹೇಳಿದ. ಅವನು ಹೇಳಿದ ರೀತಿ ಬೇರೆ. ನಡುವೆ ಒಂದು ಕಡೆ ಗಂಟಲಿನಿಂದ ಸದ್ದು ಬಂತು. ಟೀಟಾ ಅದನ್ನು ಕೇಳಿ, ಅವನು ಹೇಳಿದಂತೆಯೇ ಇನ್ನೊಮ್ಮೆ ಹೇಳಿ ನೋಡಿದರು. ಅವನು ತಲೆಯಾಡಿಸಿದ. ಇಬ್ಬರೂ ಕೈಕುಲುಕುವುದನ್ನು ಮರೆತಿದ್ದರು.

ಯೂನಿಯನ್ ಸಿಟಿಯ ಅವರ ಮನೆಯಲ್ಲಿ ಊಟ. ಹಿತ್ತಲಲ್ಲಿ ಅವರ ಗಂಡ ಬೆಳೆಸಿದ ನುಗ್ಗೆಮರವಿತ್ತು. ಆ ಮರದ ಸೊಪ್ಪಿನ ಪಲ್ಯವನ್ನೂ ಚಿತ್ರಾನ್ನವನ್ನೂ ನನ್ನ ಹೆಂಡತಿ ಮಾಡಿ ತಂದಿದ್ದಳು. ಹಳದಿ ಅನ್ನ ನೋಡಿ ಹಡಗಿನವನ ಮುಖ ಅರಳಿತು. ತಮ್ಮ ಮನೆಯಲ್ಲೂ ಭಾನುವಾರ ಹಳದಿ ಅನ್ನವೇ ಎಂದ. ಅವನದು ಹಡಗಿನ ಇಂಗ್ಲಿಷು, ನಟ್ಟು ಬೋಲ್ಟುಗಳಿಗಷ್ಟೇ ಸಾಕಾಗುವಂಥದ್ದು. ಆದರೆ ಚಮಚ, ಮುಳ್ಳುಚಮಚ, ಮೇಜು, ಕುರ್ಚಿ, ಚಪ್ಪಲಿ ಒಂದೊಂದನ್ನೇ ತೋರಿಸಿ ಟೀಟಾ ತಮ್ಮ ಭಾಷೆಯಲ್ಲಿ ಹೆಸರು ಹೇಳಿದರೆ ಅವನು ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದ, ಎರಡೂ ಒಂದೇ. ಇಬ್ಬರೂ ಶಾಲೆಯ ಮಕ್ಕಳಂತೆ ಇಡೀ ಮನೆಯ ಸಾಮಾನು ಎಣಿಸಿಬಿಟ್ಟರು.

ಊಟವಾದ ಮೇಲೆ ಟೀಟಾ ಕೈ ಒರೆಸಿಕೊಂಡು ನೇರವಾಗಿ ಕೂತು, ನಮ್ಮ ಹೆಸರಿಗೆ ಅರ್ಥವೇನು ಎಂದು ಕೇಳಿದರು.

ಅದು ತನ್ನ ಊರಿನ ಹತ್ತಿರದ ಒಂದು ಜಾಗದ ಹೆಸರು ಎಂದ. ಮೂರು ಮನೆ, ಪಕ್ಕದಲ್ಲಿ ಒಂದು... ಇಂಗ್ಲಿಷ್ ಮಾತು ಸಿಗಲಿಲ್ಲ. ಎರಡು ಕೈಯಿಂದ ಗುಂಡಿಯಂಥದ್ದೇನನ್ನೋ ತೋರಿಸಿದ. ನೀರು ಎಂದ. ಅಲ್ಲ, ನೀರಲ್ಲ, ದಪ್ಪ ಎಂದ. ಟೀಟಾ ಅವರ ಗಂಡ ಬಹಳ ಹೊತ್ತು ಯೋಚಿಸಿ, ಸ್ವಿಮ್ಮಿಂಗ್ ಪೂಲ್ ಎಂದರು. ಅವನು ನಿರಾಶೆಯಿಂದ ತಲೆಯಾಡಿಸಿ ಎದ್ದು ನಿಂತ. ಮೂಗನ್ನು ಬೆರಳಿನಿಂದ ಮೇಲೆತ್ತಿ ಗುಟುರು ಹಾಕಿದ. ಆಮೇಲೆ ಆ ಭಾರೀ ಮೈಯನ್ನು ಸೋಫಾದ ಮೇಲೆ ಚೆಲ್ಲಿ, ಆ ಭುಜ ಈ ಭುಜ ಹೊರಳಿ, ಸುಖದಿಂದ ಕಣ್ಣು ಮುಚ್ಚಿದ.

ಹಂದಿಗಳು ಹೊರಳಾಡುವ ಕೆಸರಿನ ಹೊಂಡ. ನನಗೆ ಗೊತ್ತಾಯಿತು. ಟೀಟಾ ಅವರಿಗೂ ಗೊತ್ತಾಯಿತು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಇಡೀ ಅಮೆರಿಕದ ಡೈರೆಕ್ಟರಿಗಳಲ್ಲಿ ಹುಡುಕಿದ ಹೆಸರು, ಅದಕ್ಕಾಗಿ ಕಂಪನಿಯ ಬಾಗಿಲೇ ಮುಚ್ಚಿದರೂ ಸರಿ ಎಂದು ನಿಂತ ಹೆಸರು. ಹಡಗಿನವನೂ ಸೋಫಾದಿಂದ ಎದ್ದು, ಏನೋ ತಪ್ಪು ಮಾಡಿದವನಂತೆ ಅಂಗಿ ಸರಿಮಾಡಿಕೊಂಡ.

ಟೀಟಾ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನನ್ನ ಹೆಂಡತಿ ಅವರ ಬೆನ್ನ ಮೇಲೆ ಕೈಯಿಟ್ಟಳು. ಅಳುತ್ತಿರಲಿಲ್ಲ. ನಗು ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು, ಅದು ಬಿಟ್ಟುಕೊಂಡದ್ದೇ ತಡ, ಕನ್ನಡಕ ತೆಗೆದಿಟ್ಟು ಕಣ್ಣೊರೆಸಿಕೊಂಡು ನಕ್ಕರು. ಇನ್ನೊಮ್ಮೆ ಮಾಡಿ ತೋರಿಸು ಎಂದು ಅವನನ್ನು ಕೇಳಿದರು. ಅವನು ಮಾಡಿದ. ಅವರ ಗಂಡ, ಯಾವತ್ತೂ ಜೋರಾಗಿ ನಗದವರು, ಉಸಿರುಗಟ್ಟಿ ಹಿತ್ತಲಿಗೆ ಹೋದರು.

"ಅಪ್ಪನಿಗೆ ಇದು ಗೊತ್ತಾಗಿದ್ರೂ ಕೋಟೆಯ ಕಥೆಯನ್ನೇ ಹೇಳ್ತಿದ್ರು" ಎಂದರು ಕೊನೆಗೆ, ಸಮಾಧಾನವಾದ ಮೇಲೆ. "ನಾಲ್ಕು ಮಕ್ಕಳನ್ನ ರಾತ್ರಿ ಮಲಗಿಸಬೇಕಲ್ಲ."

ಆಮೇಲೆ ಅವರು ಅವನಿಗೆ ಗವರ್ನರನ ಪಟ್ಟಿಯ ವಿಷಯ ಹೇಳಿದರು. ನಮ್ಮಿಬ್ಬರಿಗೂ ರಕ್ತಸಂಬಂಧ ಇಲ್ಲ, ಯಾವನೋ ಗುಮಾಸ್ತ ನಿಮ್ಮ ಹಳ್ಳಿಯ ಹೆಸರನ್ನು ನಮ್ಮ ಮುತ್ತಜ್ಜನಿಗೆ ಕೊಟ್ಟ, ಅಷ್ಟೇ ಎಂದರು. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಲಿವ್ ಡಬ್ಬಿಯನ್ನು ಅವರ ಕಡೆಗೆ ಸರಿಸಿ, "ನನಗೆ ಮಕ್ಕಳಿಲ್ಲ, ತಮ್ಮಂದಿರಿಲ್ಲ. ಈ ಹೆಸರು ಹಿಡಿದು ಇನ್ಯಾರನ್ನ ಕರೀಲಿ? ನೀವು ಕಸಿನ್ನೇ" ಎಂದ. ಅಂದಿನಿಂದ ಹಡಗು ಓಕ್ಲ್ಯಾಂಡಿಗೆ ಬಂದಾಗಲೆಲ್ಲ ಅವನ ಊಟ ಯೂನಿಯನ್ ಸಿಟಿಯಲ್ಲಿ. ಚಿತ್ರಾನ್ನ ನಮ್ಮ ಮನೆಯಿಂದ.

ಬಟ್ಟೆ ಕಂಪನಿ ನಮ್ಮನ್ನು ಒಂದು ವರ್ಷ ಉಳಿಸಿತು. ಆಮೇಲೆ ಅದೇ ಮುಚ್ಚಿತು, ಹಿಂದೆಯೇ ನಾವೂ. ಆ ವಸಂತದಲ್ಲಿ ಫ್ರೀಮಾಂಟಿನ ಪಾರ್ಕಿಂಗ್ ಲಾಟುಗಳು ಹಬ್ಬ ಮುಗಿದ ಮೈದಾನದಂತೆ ಕಾಣುತ್ತಿದ್ದವು. ಕೊನೆಯ ದಿನ ಟೀಟಾ ದೊಡ್ಡ ಪಾತ್ರೆಯಲ್ಲಿ ಶಾವಿಗೆ ಮಾಡಿ ತಂದರು. ಉದ್ದನೆಯ ಎಳೆ ಕತ್ತರಿಸಬಾರದು, ಆಯುಸ್ಸು ಉದ್ದವಾಗುತ್ತದೆ ಎಂದರು. ಬಾಸು ತಿನ್ನುತ್ತಾ ತಿನ್ನುತ್ತಾ ಅತ್ತುಬಿಟ್ಟ. ಅವನಿಗೆ ಮನೆಗೂ ಕಟ್ಟಿಕೊಟ್ಟು, ನಿನಗಿನ್ನೂ ವಯಸ್ಸಿದೆ, ಮೊದಲು ನಿದ್ದೆ ಮಾಡು ಎಂದು ಕಳಿಸಿದರು. ನನಗೆ ಬೇರೆ ಕೆಲಸ ಸಿಗುವ ತನಕ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಿಗೆ ಆಗಾಗ ಒಂದು ಚೀಲ ನುಗ್ಗೆಸೊಪ್ಪು ತೂಗುಹಾಕಿರುತ್ತಿತ್ತು. ಬೆಲ್ ಮಾಡದೆ ಹೋಗಿರುತ್ತಿದ್ದರು ಅವರ ಗಂಡ. ಒಳರಸ್ತೆಯಲ್ಲಿ ಬಂದು, ಒಳರಸ್ತೆಯಲ್ಲಿ ವಾಪಸು.

ಟೀಟಾ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಸೇರಿಕೊಂಡರು. ರೋಗಿಯ ಹೆಸರು ವಿಚಿತ್ರವಾಗಿ ಕಂಡರೆ ಕುರ್ಚಿಯಿಂದ ಎದ್ದು ವಾರ್ಡಿಗೇ ಹೋಗಿ, ನಿಮ್ಮ ಹೆಸರನ್ನು ನೀವು ಹೇಗೆ ಹೇಳುತ್ತೀರಿ ಎಂದು ಕೇಳಿ ಬರುತ್ತಿದ್ದರಂತೆ. ನಮ್ಮ ಮಗಳಿಗೂ ಅವರೇ ಗುರು. ಸ್ಕೂಲಿನಲ್ಲಿ ಗುಮ್ಮನಹಳ್ಳಿ ಎಂದರೆ ಎಲ್ಲರೂ ನಗುತ್ತಾರೆ, ನನಗೆ ಈ ಹೆಸರು ಬೇಡ ಎಂದು ಅವಳು ಇಂಗ್ಲಿಷಿನಲ್ಲಿ ಗೋಳಾಡುತ್ತಿದ್ದ ದಿನಗಳವು. ಟೀಟಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಿಧಾನವಾಗಿ ಒಂದು ಸಲ ಹೇಳು. ಆಮೇಲೆ ಸುಮ್ಮನಿರು. ಕಷ್ಟಪಡೋ ಸರದಿ ಅವರದು" ಎಂದರು. ಮಗಳು ಈಗಲೂ ಹಾಗೆಯೇ ಮಾಡುತ್ತಾಳೆ.

ನಿವೃತ್ತರಾದ ಮೇಲೆ ಟೀಟಾ ಗಂಡನೊಂದಿಗೆ ಸ್ಪೇನಿಗೆ ಹೋಗಿಬಂದರು. ಹಡಗಿನವನೂ ಅಷ್ಟರಲ್ಲಿ ದಡ ಸೇರಿದ್ದ. ಅವನೇ ಕಾರಿನಲ್ಲಿ ಬೆಟ್ಟ ಹತ್ತಿಸಿ ಆ ಜಾಗ ತೋರಿಸಿದ. ಅಲ್ಲಿ ನಡೆದದ್ದನ್ನು ಅವರ ಗಂಡ ನಮಗೆ ಹೇಳಿದರು. ಮೂರು ಮನೆಗಳಲ್ಲಿ ಎರಡರ ಮಾಡು ಬಿದ್ದಿತ್ತು. ಹಂದಿಗಳು ಯಾವುದೋ ಕಾಲಕ್ಕೆ ಹೋಗಿಯಾಗಿತ್ತು, ಹೊಂಡ ಮಾತ್ರ ಹಾಗೇ ಇತ್ತು. ಟೀಟಾ ಅದರ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಗಂಡನ ಫೋನು ಇಸಿದುಕೊಂಡು ಊರಿನಲ್ಲಿದ್ದ ಅಣ್ಣನಿಗೆ ಕರೆಮಾಡಿದರು. ಅಪ್ಪ ಹೇಳಿದ ಜಾಗದಲ್ಲಿ ನಿಂತಿದ್ದೇನೆ ಎಂದರು. ಕೋಟೆ ಹೇಗಿದೆ ಎಂದು ಕೇಳಿದರಂತೆ ಅಣ್ಣ.

"ಚೆನ್ನಾಗಿದೆ. ಸ್ವಲ್ಪ ಒದ್ದೆಯಾಗಿದೆ, ಅಷ್ಟೇ" ಎಂದರಂತೆ ಟೀಟಾ.

ಆಮೇಲೆ ಶೂ ಬಿಚ್ಚಿ ಹಡಗಿನವನ ಕೈಗೆ ಕೊಟ್ಟು ಹೊಂಡಕ್ಕೆ ಇಳಿದರು. ಗಂಡ ಫೋಟೋ ತೆಗೆದರು. ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಕೆಸರಿನಲ್ಲಿ ಕಾಲು ಹೂತು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾರೆ. ಪಕ್ಕದ ದಡದಲ್ಲಿ ಬೋಳುತಲೆಯವನು ಎರಡು ಶೂಗಳನ್ನು ಎದೆಗವಚಿಕೊಂಡು ನಿಂತಿದ್ದಾನೆ.

ಅಂತ್ಯಕ್ರಿಯೆಯ ದಿನ ಚರ್ಚಿನ ಪಕ್ಕದ ಹಾಲಿನಲ್ಲಿ ಹೂಗಳ ನಡುವೆ ಟೀಟಾ ಅವರ ಮಗಳು ಇಟ್ಟದ್ದು ಆ ಫೋಟೋವನ್ನೇ. ಅಣ್ಣ ಫಿಲಿಪೀನ್ಸಿನಿಂದ ಬಂದಿದ್ದರು. ತೊಂಬತ್ತರ ಹತ್ತಿರದ ಪಾದ್ರಿ. ಇಬ್ಬರು ಹಿಡಿದುಕೊಂಡು ನಡೆಸಬೇಕು, ಆದರೆ ದನಿ ಗಟ್ಟಿ. ಅಪ್ಪ ಹೇಳುತ್ತಿದ್ದ ಕೋಟೆಯ ಕಥೆಯನ್ನು, ಅದನ್ನು ತಂಗಿ ಹೋಗಿ ನೋಡಿ ಬಂದದ್ದನ್ನು ಅವರು ಚರ್ಚಿನಲ್ಲಿ ಎಲ್ಲರಿಗೂ ಹೇಳಿದ್ದರು. ಜನ ಕಣ್ಣೊರೆಸಿಕೊಂಡಿದ್ದರು. ಈಗ ಅಣ್ಣ ಹಾಲಿಗೆ ಬಂದು ಆ ಫೋಟೋದ ಮುಂದೆ ನಿಂತರು. ಇದು ಎಲ್ಲಿ ತೆಗೆದದ್ದು ಎಂದು ಕೇಳಿದರು.

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಅಪ್ಪನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಕೊನೆಗೆ ಮಗಳು, ಸ್ಪೇನಿನಲ್ಲಿ, ಅಮ್ಮನ ಹೆಸರಿನ ಜಾಗ ಎಂದಳು.

ಪಾದ್ರಿ ಬಾಗಿ ಫೋಟೋವನ್ನು ಹತ್ತಿರದಿಂದ ನೋಡಿದರು. ತಂಗಿಯ ಕಾಲು, ಕೆಸರು, ಹಿಂದಿನ ಬಿದ್ದ ಮಾಡು, ಎಲ್ಲವನ್ನೂ ನಿಧಾನವಾಗಿ ನೋಡಿದರು. ಅವರ ಭುಜ ಮೆಲ್ಲಗೆ ಅಲುಗತೊಡಗಿತು. ಹಿಡಿದುಕೊಂಡಿದ್ದ ಹುಡುಗರು ಗಾಬರಿಯಾಗಿ ಕುರ್ಚಿ ಎಳೆದರು. ಅವರು ಕೂರಲಿಲ್ಲ.

"ಒದ್ದೆಯಾಗಿದೆ ಅಂತ ಹೇಳಿದ್ಲು" ಎಂದರು, ನಗು ತಡೆದುಕೊಳ್ಳಲಾಗದೆ. "ಇಷ್ಟೊಂದು ಅಂತ ಹೇಳಿರಲಿಲ್ಲ."

ಊರಿಗೆ ಹೊರಡುವ ಮೊದಲು ಆ ಫೋಟೋ ತಮಗೆ ಬೇಕೆಂದು ತಂಗಿಯ ಮಗಳನ್ನು ಕೇಳಿ ಇಸಿದುಕೊಂಡರು. ಮನೆಯಲ್ಲಿ ಅಪ್ಪನ ಫೋಟೋ ಇದೆ, ಅದರ ಎದುರಿನ ಗೋಡೆಗೆ ಹಾಕುತ್ತೇನೆ, ಅವರೂ ನೋಡಲಿ ಎಂದರು.